ಹಿರೇಜಾಲಿಯ ತಿಳಿನೀರು

ಹಿರೇಜಾಲಿಯ ಹೊಂಡದಲ್ಲಿ ಒಂದು ಮೀನೂ ಸಾಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ವಿಚಾರಣೆಗೆ ಬಂದ ಅಧಿಕಾರಿಗಳಿಂದ ಹಿಡಿದು ಬಸ್ಸಿನಲ್ಲಿ ಪಕ್ಕ ಕೂತವರವರೆಗೆ ಎಲ್ಲರೂ ಕೇಳುವುದು ಅದನ್ನೇ, ಎಷ್ಟು ಮೀನು ಸತ್ತವು ಅಂತ. ಒಂದೂ ಸಾಯಲಿಲ್ಲ ಸ್ವಾಮಿ. ಸತ್ತು ತೇಲಿದ್ದರೆ ಒಂದೇ ದಿನದಲ್ಲಿ ಗೊತ್ತಾಗುತ್ತಿತ್ತು, ಯಂತ್ರವನ್ನು ಕಿತ್ತು ದಂಡೆಗೆ ಬಿಸಾಡುತ್ತಿದ್ದೆವು. ಮೀನು ಸಾಯದ ಹಾಗೆ ನೋಡಿಕೋ ಎಂದು ಆ ಯಂತ್ರಕ್ಕೆ ಹೇಳಿಕೊಟ್ಟವನು ನಾನೇ.

ನನ್ನ ಹೆಸರು ಯಮನೂರಪ್ಪ. ಅಂಬಿಗರ ಮನೆಯವನು. ಅಪ್ಪ ತುಂಗಭದ್ರೆಯಲ್ಲಿ ಹರಿಗೋಲು ಹಾಕುತ್ತಿದ್ದ. ನಾನು ಸೂಕ್ಷ್ಮಜೀವಿಗಳ ಬಗ್ಗೆ ಓದಿ, ಹೊಸಪೇಟೆಯ ಹೊರವಲಯದಲ್ಲಿ 'ತಿಳಿಗೊಳ' ಎಂಬ ಸಂಸ್ಥೆಯ ನಿಯಂತ್ರಣ ಕೊಠಡಿಯಲ್ಲಿ ಪರದೆಗಳ ಮುಂದೆ ಕೂತೆ. ಅಕ್ಕ ಹುಲಿಗೆವ್ವನನ್ನು ಕಾಲುವೆಯ ಕೊನೆಯ ಊರು ಹಿರೇಜಾಲಿಗೆ ಕೊಟ್ಟಿದ್ದರು. ಅಲ್ಲಿ ವರ್ಷಕ್ಕೆರಡು ಸಲ ಭತ್ತ ಬೆಳೆದೂ ಬೆಳೆದೂ ನೆಲ ಉಪ್ಪೇರಿ ಸವುಳಾಗಿತ್ತು. ಭತ್ತವೂ ಏಳದ ಜಾಗದಲ್ಲಿ ಜನ ಹೊಂಡ ತೋಡಿ ಕಾಟ್ಲಾ, ರೋಹು ಮರಿ ಬಿಟ್ಟರು. ಭಾವ ತೀರಿಕೊಂಡ ಮೇಲೆ ಅಕ್ಕ ಒಬ್ಬಳೇ ಎರಡೆಕರೆ ಹೊಂಡ ನೋಡಿಕೊಂಡು, ಮಗಳು ಭಾಗ್ಯಶ್ರೀಯನ್ನು ಅದೇ ಊರಲ್ಲಿ ಮದುವೆ ಮಾಡಿ ಕೊಟ್ಟು, ಯಾರ ಹಂಗೂ ಇಲ್ಲದೆ ಇದ್ದಳು.

ಮೀನು ಸಾಕುವುದೆಂದರೆ ನಿಜವಾಗಿ ನೀರು ಸಾಕುವುದು. ಮೀನು ತಿನ್ನುತ್ತದೆ, ತಿಂದದ್ದನ್ನು ಅದೇ ನೀರಿಗೆ ಬಿಡುತ್ತದೆ. ಅದರಿಂದ ಅಮೋನಿಯಾ ಹುಟ್ಟಿ ಕಿವಿರು ಸುಡುತ್ತದೆ. ಪಾಚಿ ವಿಪರೀತವಾದರೆ ಬೆಳಗಾಗುವಷ್ಟರಲ್ಲಿ ಆಮ್ಲಜನಕ ಮುಗಿದು ಮೀನುಗಳು ಬಾಯಿ ಮೇಲೆತ್ತಿ ಒದ್ದಾಡುತ್ತವೆ. ಇದನ್ನೆಲ್ಲ ತಿಳಿಯಲು ನಾವು ಕೊಠಡಿ ತುಂಬ ಯಂತ್ರ ಇಟ್ಟುಕೊಂಡಿದ್ದೆವು. ಅಕ್ಕನ ಹತ್ತಿರ ಇದ್ದದ್ದು ಒಂದು ತೋಳು, ಒಂದು ನಾಲಿಗೆ. ಮುಂಜಾನೆ ದಂಡೆಯಲ್ಲಿ ಕೂತು ಮೊಣಕೈವರೆಗೆ ತೋಳು ಇಳಿಸುತ್ತಿದ್ದಳು. ಅಂಗೈ ಮಸುಕಾಗಿ ಕಂಡರೆ ನೀರು ಸರಿ ಇದೆ. ಪೂರ್ತಿ ಮುಚ್ಚಿಹೋದರೆ ಪಾಚಿ ಹೆಚ್ಚಾಗಿದೆ. ಉಗುರು ಕೂಡ ಕಂಡರೆ ನೀರಿನಲ್ಲಿ ಜೀವ ಕಮ್ಮಿ. ಆಮೇಲೆ ಒಂದು ಬೊಗಸೆ ನೀರು ಬಾಯಿಗೆ ಹಾಕಿ, ಹೊರಳಾಡಿಸಿ, ಉಗಿದು, ಇವತ್ತು ಮೇವು ಎಷ್ಟು ಎಂದು ತೀರ್ಮಾನಿಸುತ್ತಿದ್ದಳು.

ನಾನು ತಂದ ಯಂತ್ರವನ್ನು ಊರವರು ಡಬ್ಬಿ ಎಂದರು. ಹೊಂಡದ ಮಧ್ಯೆ ತೇಲುವ, ಗುಡಾಣದಷ್ಟು ದೊಡ್ಡ ಬಿಳಿ ಡಬ್ಬಿ. ಅದರೊಳಗೆ ಹನ್ನೆರಡು ಸಣ್ಣ ಕೋಣೆಗಳು, ಒಂದೊಂದರಲ್ಲಿ ಒಂದೊಂದು ಬಗೆಯ ಸೂಕ್ಷ್ಮಜೀವಿ. ನೀರಿನ ಅಮೋನಿಯಾ, ಆಮ್ಲಜನಕ, ಮೀನುಗಳ ಓಡಾಟ ಎಲ್ಲವನ್ನೂ ಅಳೆದು, ಯಾವುದು ಎಷ್ಟು ಬೇಕೋ ಅಷ್ಟನ್ನು ಬೆಳೆಸಿ ಹೊಂಡಕ್ಕೆ ಬಿಡುತ್ತದೆ. ಅದರ ಹೆಚ್ಚುಗಾರಿಕೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಇದ್ದ ಜೀವಿ ಸಾಲದಾದರೆ ಅದರ ವಂಶವಾಹಿಯಲ್ಲಿ ತಾನೇ ಸಣ್ಣಪುಟ್ಟ ತಿದ್ದುಪಡಿ ಮಾಡುತ್ತದೆ. ಫಲ ಸಿಕ್ಕರೆ ಉಳಿಸಿಕೊಳ್ಳುತ್ತದೆ, ಇಲ್ಲವಾದರೆ ಬಿಡುತ್ತದೆ. ಅದಕ್ಕೊಂದು ಗುರಿ ಬೇಕಿತ್ತು. ಅಮೋನಿಯಾ ಆದಷ್ಟು ಕಡಿಮೆ ಇರಲಿ, ಆಮ್ಲಜನಕ ಸಾಕಷ್ಟಿರಲಿ, ಮೀನು ಸಾಯದಿರಲಿ ಎಂದು ಬರೆದೆ. ಬರೆದು ಒಂದು ಕಪ್ ಚಹಾ ಕುಡಿದೆ. ಮೀನು ಬೆಳೆಯಲಿ ಎಂದು ಬರೆಯಲಿಲ್ಲ. ಬದುಕಿದ ಮೀನು ಬೆಳೆಯದೆ ಇನ್ನೇನು ಮಾಡುತ್ತದೆ ಎಂದುಕೊಂಡಿದ್ದೆ.

ಫೆಬ್ರವರಿಯಲ್ಲಿ ಡಬ್ಬಿ ನೀರಿಗಿಳಿಯಿತು. ಮೇ ತಿಂಗಳ ಹೊತ್ತಿಗೆ ಹೊಂಡದ ತಳ ಕಾಣತೊಡಗಿತು. ಅಕ್ಕ ತೋಳು ಇಳಿಸಿದರೆ ಉಗುರಷ್ಟೇ ಅಲ್ಲ, ಕೆಸರಲ್ಲಿ ಹೂತಿದ್ದ ಹಳೆಯ ಬಳೆ ಚೂರೂ ಕಾಣುತ್ತಿತ್ತು. ಅವಳು ಫೋನು ಮಾಡಿ ಹೇಳಿದ್ದು ಒಂದೇ ಮಾತು.

"ಈ ನೀರಿಗೆ ರುಚಿನ ಇಲ್ಲೋ ತಮ್ಮಾ. ಬಾಯಾಗ ಹಾಕ್ಕೊಂಡ್ರ ಏನೂ ಹೇಳವಲ್ದು."

ನಾನು ನಕ್ಕೆ. ಅಮೋನಿಯಾ ಸೊನ್ನೆಯ ಹತ್ತಿರ ಇದೆ, ಆಮ್ಲಜನಕ ಭರ್ತಿ ಇದೆ, ನಾಲಿಗೆಗೆ ಇನ್ನು ನಿವೃತ್ತಿ ಕೊಡು ಎಂದು ತಮಾಷೆ ಮಾಡಿದೆ. ಅಕ್ಕ ಹೂಂ ಎಂದು ಫೋನು ಇಟ್ಟಳು. ಆದರೂ ಬೊಗಸೆ ನೀರು ಬಾಯಿಗೆ ಹಾಕುವುದನ್ನು ಬಿಡಲಿಲ್ಲ.

ಆ ತಿಂಗಳ ಕೊನೆಯಲ್ಲಿ ಜಿಲ್ಲೆಯ ಅಧಿಕಾರಿಗಳನ್ನು ಕರೆಸಿ ಪ್ರದರ್ಶನ ಇಟ್ಟೆವು. ನಮ್ಮ ನಿರ್ದೇಶಕಿ ಡಾ. ಮೃಣಾಲಿನಿ ಜಹಗೀರದಾರ್ ಭಾಷಣ ಮಾಡಿದರು. ನಾನು ದಂಡೆಯಲ್ಲಿ ನಿಂತು ಹೊಂಡದಿಂದ ಒಂದು ಗಾಜಿನ ಲೋಟ ನೀರು ಎತ್ತಿ, ಎಲ್ಲರಿಗೂ ಕಾಣುವಂತೆ ಬಿಸಿಲಿಗೆ ಹಿಡಿದು, ಗಟಗಟ ಕುಡಿದೆ. ಚಪ್ಪಾಳೆ ಬಿತ್ತು. ನಿರ್ದೇಶಕಿಯೂ ಒಂದು ಲೋಟ ಕುಡಿದರು. ಮುಂದಿನ ವಾರ ಆ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ, ಕುಡಿಯಲು ಯೋಗ್ಯ ಎಂಬ ಪತ್ರವನ್ನೂ ತರಿಸಿದೆವು. ಪಟ್ಟಿಯಲ್ಲಿದ್ದ ಎಲ್ಲ ವಿಷಗಳಿಗೂ ಪರೀಕ್ಷೆ ಆಗಿತ್ತು. ಪಟ್ಟಿಯಲ್ಲಿ ಇಲ್ಲದ್ದನ್ನು ಯಾರು ಹುಡುಕುತ್ತಾರೆ?

ಹಿರೇಜಾಲಿಯ ಬೋರಿನ ನೀರು ಉಪ್ಪು. ಆ ನೀರಲ್ಲಿ ಮಾಡಿದ ಅನ್ನ ಹಳದಿಯಾಗುತ್ತದೆ, ಒಂದು ಗಂಟೆಯಲ್ಲಿ ಹಳಸಲು ಹತ್ತುತ್ತದೆ. ಭತ್ತ ಬೆಳೆಯುವ ಊರಿನವರಿಗೆ ನೆಂಟರ ತಟ್ಟೆಗೆ ಹಳದಿ ಅನ್ನ ಬಡಿಸುವುದು ಎಂಥ ನಾಚಿಕೆ ಎಂದು ಬೇರೆ ಊರಿನವರಿಗೆ ಅರ್ಥವಾಗುವುದು ಕಷ್ಟ. ಯಾರೋ ಒಬ್ಬರು ಅಕ್ಕನ ಹೊಂಡದ ನೀರಲ್ಲಿ ಅನ್ನ ಮಾಡಿದರು. ಅನ್ನ ಮಲ್ಲಿಗೆಯ ಹಾಗೆ ಬೆಳ್ಳಗಾಯಿತು. ಮರುದಿನದಿಂದ ಇಡೀ ಊರು ಕೊಡ ಹಿಡಿದು ಬಂತು. ಅಕ್ಕ ಯಾರಿಗೂ ಇಲ್ಲ ಎನ್ನಲಿಲ್ಲ. ಇಲ್ಲ ಎಂದದ್ದು ಒಂದೇ ಗುಂಪಿಗೆ, ಆ ಮಾತು ಮುಂದೆ ಬರುತ್ತದೆ.

ನಿಯಂತ್ರಣ ಕೊಠಡಿಯಲ್ಲಿ ನನ್ನ ಪರದೆಯ ಮೇಲೆ ಆ ವರ್ಷ ಎಲ್ಲವೂ ಹಸಿರು. ಒಂದು ಗೆರೆ ಮಾತ್ರ ಇಳಿಯುತ್ತಾ ಹೋಯಿತು, ಮೇವಿನ ಗೆರೆ. ಜೂನ್‌ನಲ್ಲಿ ಮೀನುಗಳು ಮೊದಲಿನ ಅರ್ಧದಷ್ಟು ತಿಂದವು, ಅಕ್ಟೋಬರಿನಲ್ಲಿ ಕಾಲು ಭಾಗ. ಡಬ್ಬಿ ತಾನೇ ಅಕ್ಕನ ಫೋನಿಗೆ ಇವತ್ತು ಮೇವು ಕಡಿಮೆ ಸಾಕು ಎಂದು ಸೂಚನೆ ಕಳಿಸುತ್ತಿತ್ತು. ಮೇವಿನ ಉಳಿತಾಯ ಎಂದು ನಾವು ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ನಲವತ್ತೊಂದು ಹೊಸ ಡಬ್ಬಿಗಳಿಗೆ ಬೇಡಿಕೆ ಬಂತು, ತಯಾರಾಗಿ ಗೋದಾಮಿನಲ್ಲಿ ಸಾಲಾಗಿ ನಿಂತವು. ನನ್ನ ಹೊಟ್ಟೆಯೂ ಕರಗಿತ್ತು. ಜೊತೆಯವರು ಯಾವ ಡಯಟ್ ಎಂದು ಕೇಳಿದರೆ, ಮನಸ್ಸು ಗಟ್ಟಿ ಇದ್ದರೆ ಯಾವ ಡಯಟ್ಟೂ ಬೇಡ ಎಂದು ಜಂಬ ಕೊಚ್ಚುತ್ತಿದ್ದೆ.

ಜನವರಿಯಲ್ಲಿ ಭಾಗ್ಯಾಗೆ ಹೆರಿಗೆಯಾಯಿತು. ಗಂಡು ಮಗು. ಆರನೇ ದಿನ ನಾನು ಕೂಸಿನ ತಲೆಗೆ ಕುಂಚಿಗೆ, ಬಾಣಂತಿಗೆ ಉತ್ತತ್ತಿ ಹಿಡಿದು ಹಿರೇಜಾಲಿಗೆ ಹೋದೆ. ಮನೆ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಅಕ್ಕ ಬಾಗಿಲಲ್ಲೇ ಸಿಕ್ಕಳು. ಚೆನ್ನಾಗಿದ್ದೀಯಾ, ಬಸ್ಸು ಸಿಕ್ಕಿತಾ ಎಂದೆಲ್ಲ ಕೇಳಿದಳು. ಊಟದ ಮಾತು ಎತ್ತಲಿಲ್ಲ. ನಮ್ಮ ಅಕ್ಕನ ಮನೆಗೆ ಅಂಚೆಯವನು ಬಂದರೂ ಮೊದಲು ರೊಟ್ಟಿ ಮುರಿಯಬೇಕು. ಅಂಥ ಮನೆಯಲ್ಲಿ ಒಲೆ ತಣ್ಣಗಿತ್ತು. ಬುಟ್ಟಿಯ ರೊಟ್ಟಿ ನಾಲ್ಕು ದಿನದ್ದು, ಒಣಗಿ ಕಟಕಲಾಗಿತ್ತು. ಅಕ್ಕನ ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನಾಲ್ಕು ತಿಂಗಳಿಂದ ನಾನು ಫೋನಿನ ಪರದೆಯಲ್ಲಿ ಅವಳ ಮುಖ ಮಾತ್ರ ನೋಡಿದ್ದೆ.

ಏನಾಯಿತು, ಆಸ್ಪತ್ರೆಗೆ ತೋರಿಸಿದೆಯಾ ಎಂದು ಕೇಳಿದೆ. ಅವಳು ಆರಾಮಾಗಿ ನಕ್ಕಳು.

"ಏನೂ ಬ್ಯಾನಿ ಇಲ್ಲಪ. ಹಸಿವು ಆಗಂಗಿಲ್ಲ, ಅಷ್ಟ. ಊರಾಗ ಎಲ್ಲಾರಿಗೂ ಹಂಗ ಆಗೈತಿ."

ಊರಲ್ಲಿ ಎಲ್ಲರಿಗೂ ಅಂದರೆ ಎಂದು ಮತ್ತೆ ಕೇಳಿದೆ. ಅಕ್ಕ ಅದನ್ನು ಯಾವುದೋ ಒಳ್ಳೆಯ ಸುದ್ದಿಯ ಹಾಗೆ ವಿವರಿಸಿದಳು. ಗಂಡಸರು ಬೆಳಗ್ಗೆ ಹೋದವರು ಬುತ್ತಿಯ ಹಂಗಿಲ್ಲದೆ ಸಂಜೆವರೆಗೆ ದುಡಿಯುತ್ತಾರಂತೆ. ಹೆಂಗಸರಿಗೆ ಅಡಿಗೆ ಕೆಲಸ ಹಗುರಾಗಿದೆಯಂತೆ. ಶಾಲೆಯಲ್ಲಿ ಮಕ್ಕಳು ಊಟದ ಗಂಟೆಗೆ ಗಲಾಟೆ ಮಾಡುವುದಿಲ್ಲ, ಸುಮ್ಮನೆ ಕೂರುತ್ತವೆ ಎಂದು ಮಾಸ್ತರರು ಹೊಗಳುತ್ತಾರಂತೆ. ಸಣ್ಣಗಾಗಿದ್ದಕ್ಕೆ ಎಲ್ಲರೂ ನೀರಿನ ಗುಣ ಎನ್ನುತ್ತಿದ್ದರು. ನೀರಿನ ಗುಣ ನಿಜ, ಆದರೆ ಯಾವ ಗುಣ ಎಂದು ಯಾರೂ ಕೇಳಿರಲಿಲ್ಲ.

ಒಳಕೋಣೆಯಲ್ಲಿ ಭಾಗ್ಯಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಮಗು ಕಣ್ಣು ಬಿಟ್ಟು ಸೂರು ನೋಡುತ್ತಿತ್ತು. ಕೆನ್ನೆಯ ಚರ್ಮ ಸುಕ್ಕಾಗಿತ್ತು. ಹುಟ್ಟಿದಾಗಿನಿಂದ ಒಂದು ಸಲವೂ ಹಾಲಿಗೆ ಅತ್ತಿಲ್ಲ, ಎದೆಗೆ ಹಿಡಿದರೆ ನಾಲ್ಕು ಗುಟುಕು ಕುಡಿದು ಮುಖ ತಿರುಗಿಸುತ್ತದೆ ಎಂದು ಅವಳು ಹೇಳಿದಳು. ನೋಡಲು ಬಂದ ಹೆಂಗಸರೆಲ್ಲ ಎಂಥ ಶಾಣ್ಯಾ ಕೂಸು, ತಾಯಿಗೆ ತ್ರಾಸು ಕೊಡುವುದೇ ಇಲ್ಲ ಎಂದು ದೃಷ್ಟಿ ತೆಗೆದು ಹೋಗಿದ್ದರು. ಆಶಾ ಕಾರ್ಯಕರ್ತೆ ತೂಕ ಇಳಿದಿದೆ ಎಂದು ಚೀಟಿಯಲ್ಲಿ ಬರೆದಿದ್ದನ್ನು ದೇವರ ಗೂಡಿನಲ್ಲಿ ಇಟ್ಟಿದ್ದರು. ಮಗುವಿನ ಹೊಟ್ಟೆ ಮುಟ್ಟಿದೆ. ಅದು ಬೆನ್ನಿಗೆ ಅಂಟಿತ್ತು.

ಹೊಂಡಕ್ಕೆ ಓಡಿದೆ. ಒಂದು ಬುಟ್ಟಿ ಮೇವು ಎರಚಿದೆ. ಮೇವು ಬಿದ್ದ ಸದ್ದಿಗೆ ನೀರು ಕುದಿಯಬೇಕು, ಸಾವಿರ ಬಾಯಿ ಮೇಲೆ ಬರಬೇಕು. ಒಂದೂ ಬರಲಿಲ್ಲ. ಕಾಳುಗಳು ನಿಧಾನಕ್ಕೆ ಮುಳುಗಿ, ತಳದಲ್ಲಿ ಮೊದಲೇ ಬಿದ್ದಿದ್ದ ಕಾಳುಗಳ ಮೇಲೆ ಕೂತವು. ಅವುಗಳ ಮೇಲೆಯೇ ಮೀನುಗಳು ಸಾಲಾಗಿ ನಿಂತಿದ್ದವು, ಶಾಂತವಾಗಿ. ಬಲೆ ಹಾಕಿ ಒಂದು ಕಾಟ್ಲಾ ಎತ್ತಿದೆ. ತಲೆ ಎರಡು ಕಿಲೋ ಮೀನಿನದು. ತಲೆಯ ಹಿಂದೆ ಇದ್ದದ್ದು ಬರೀ ಮೂಳೆ, ಅದರ ಮೇಲೆ ಹೊಳೆಯುವ ಚರ್ಮ. ಅದು ನನ್ನ ಕೈಯಲ್ಲಿ ಒದ್ದಾಡಲೂ ಇಲ್ಲ. ನನ್ನ ಪರದೆಯ ಮೇಲೆ ಆ ಮೀನು ಹನ್ನೊಂದು ತಿಂಗಳು ಹಸಿರು ಚುಕ್ಕೆಯಾಗಿತ್ತು.

ಭಾಗ್ಯಾಳನ್ನೂ ಮಗುವನ್ನೂ ಅಕ್ಕನ ಜೊತೆ ಊರಿನ ಬಾಡಿಗೆ ಜೀಪಿನಲ್ಲಿ ಕೂರಿಸಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ. ನಾನು ಸಂಜೆಗೆ ಮುಂಚೆ ಹೊಸಪೇಟೆ ಮುಟ್ಟಿ ಡಬ್ಬಿಯ ದಿನಚರಿ ತೆರೆದೆ. ಹನ್ನೆರಡು ಕೋಣೆಗಳಲ್ಲಿ ಹನ್ನೊಂದು ಸಾಧಾರಣವಾಗಿದ್ದವು. ಏಳನೇ ಕೋಣೆಯ ಜೀವಿಯನ್ನು ಅದು ಮುನ್ನೂರಕ್ಕೂ ಹೆಚ್ಚು ಸಲ ತಿದ್ದಿತ್ತು. ಮಾರ್ಚ್ ತಿಂಗಳಲ್ಲಿ ಎಲ್ಲೋ ಒಂದು ಕಡೆ, ಒಂದು ತಿದ್ದುಪಡಿಯಿಂದ ಮೀನುಗಳು ಸ್ವಲ್ಪ ಕಡಿಮೆ ತಿಂದಿದ್ದವು. ಕಡಿಮೆ ತಿಂದರೆ ಹೊಲಸು ಕಡಿಮೆ, ಹೊಲಸು ಕಡಿಮೆಯಾದರೆ ಅಮೋನಿಯಾ ಕಡಿಮೆ. ಡಬ್ಬಿಗೆ ದಾರಿ ಸಿಕ್ಕಿಬಿಟ್ಟಿತು. ನೀರನ್ನು ತೊಳೆಯುವುದಕ್ಕಿಂತ ಮೀನಿನ ಹಸಿವನ್ನೇ ತೆಗೆದುಬಿಡುವುದು ಸುಲಭ ಎಂದು ಅದು ಕಂಡುಕೊಂಡಿತ್ತು. ಸಾಯದಷ್ಟು ಮಾತ್ರ ತಿನ್ನುವಂತೆ ಅಳತೆ ಹಿಡಿದಿತ್ತು. ನಾನು ಬರೆದ ಮೂರು ಸಾಲುಗಳನ್ನೂ ಅದು ಅಕ್ಷರ ತಪ್ಪದೆ ಪಾಲಿಸಿತ್ತು.

ರಾತ್ರಿಯ ಪಾಳಿಯವರನ್ನು ಕಾಯದೆ ಆಗಲೇ ಹೊಂಡದಿಂದ ತಂದ ನೀರು, ಮೀನಿನ ಮಾದರಿಗಳನ್ನು ಪರೀಕ್ಷೆಗೆ ಹಚ್ಚಿದೆವು. ಏಳನೇ ಕೋಣೆಯ ಜೀವಿ ಕರುಳಲ್ಲಿ ಮನೆ ಮಾಡಿ, ಹೊಟ್ಟೆ ತುಂಬಿತು ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವ ವಸ್ತುವನ್ನು ದಿನವಿಡೀ ತಯಾರಿಸುತ್ತಿತ್ತು. ಆ ಸುದ್ದಿಯ ಭಾಷೆ ಮೀನಿಗೂ ಮನುಷ್ಯನಿಗೂ ಹೆಚ್ಚುಕಡಿಮೆ ಒಂದೇ. ಅನ್ನ ಕುದಿಸಿದರೆ ಸಾಯುವುದಿಲ್ಲವೇ ಎಂದು ಪ್ರಯೋಗಾಲಯದ ಒಬ್ಬ ಹುಡುಗಿ ಕೇಳಿದಳು. ಇಲ್ಲ. ಅದು ಬೀಜದಂಥ ಗಟ್ಟಿ ಕವಚ ಕಟ್ಟಿಕೊಂಡು ಕುದಿಯುವ ನೀರಲ್ಲೂ ಕೂತಿರುವ ಜಾತಿಯದು. ಅಂಥದ್ದನ್ನೇ ಆರಿಸಿದ್ದೆವು, ಬೇಸಿಗೆಯಲ್ಲಿ ಸಾಗಿಸಲು ಅನುಕೂಲ ಎಂದು. ತಾಯಿಯಿಂದ ಮಗುವಿಗೆ ಹೆರಿಗೆಯಲ್ಲೇ ದಾಟಿರುತ್ತದೆ.

ಆ ರಾತ್ರಿಯೇ ನಿರ್ದೇಶಕಿ ವರದಿಯನ್ನು ಎರಡು ಸಲ ಓದಿದರು. ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು.

"ಯಮನೂರಪ್ಪ, ನಿಮಗ ಕಡೀಗೆ ಹಸಿವಾದದ್ದು ಯಾವಾಗ?"

ನಾನು ಉತ್ತರ ಕೊಡಲು ಬಾಯಿ ತೆರೆದೆ. ನಿನ್ನೆ ಕ್ಯಾಂಟೀನಿನಲ್ಲಿ ಊಟ ಮಾಡಿದ್ದೆ, ಒಂದು ಗಂಟೆಯಾಗಿತ್ತು ಅಂತ. ಮೊನ್ನೆಯೂ ಗಂಟೆ ನೋಡಿಯೇ ತಿಂದಿದ್ದೆ. ಇವತ್ತು ಬೆಳಗ್ಗೆ ಒಂದು ಬಾಳೆಹಣ್ಣು ಬಿಟ್ಟರೆ ಏನೂ ಹೊಟ್ಟೆಗೆ ಬಿದ್ದಿರಲಿಲ್ಲ, ಊರಿಂದ ಊರಿಗೆ ಓಡಿದ್ದೆ, ಹೊಟ್ಟೆ ಚುರ್ ಅನ್ನಲಿಲ್ಲ. ಹಿಂದಕ್ಕೆ ಹಿಂದಕ್ಕೆ ಹುಡುಕಿದೆ. ಮಳೆಗಾಲದಲ್ಲೂ ಇಲ್ಲ. ಆ ಲೋಟ ನೀರು ಕುಡಿದ ದಿನದ ಬೆಳಗ್ಗೆ ಉಪ್ಪಿಟ್ಟಿಗೆ ಆಸೆಪಟ್ಟದ್ದು ನೆನಪಾಯಿತು, ಅದೇ ಕೊನೆ. ಮನಸ್ಸು ಗಟ್ಟಿ ಇದೆ ಎಂದು ಎಂಟು ತಿಂಗಳು ಮೆರೆದಿದ್ದೆ. ನಿರ್ದೇಶಕಿ ತಮ್ಮ ಕೈಯ ಮಣಿಗಂಟನ್ನು ತಾವೇ ಅಳೆದು ನೋಡಿಕೊಂಡರು.

ನಲವತ್ತೊಂದು ಡಬ್ಬಿಗಳು ಗೋದಾಮಿನಿಂದ ಹೊರಡದ ಹಾಗೆ ಬೀಗ ಬಿತ್ತು. ಹಿರೇಜಾಲಿಯ ಹೊಂಡದ ನೀರನ್ನು ಹಳ್ಳಕ್ಕೆ ಬಿಡುವ ಹಾಗಿರಲಿಲ್ಲ. ದಂಡೆ ಕಟ್ಟಿ, ಟ್ರ್ಯಾಕ್ಟರುಗಟ್ಟಲೆ ಸುಟ್ಟ ಸುಣ್ಣ ಸುರಿದು, ನಿಂತಲ್ಲೇ ಕೊಂದು ಒಣಗಿಸಬೇಕಾಯಿತು. ಆಗಲೇ ಮೀನು ಸತ್ತದ್ದು, ನಾವೇ ಕೊಂದದ್ದು. ಊರಿನ ಕೆಲವರು ನೀರು ಹಾಳು ಮಾಡಬೇಡಿ, ಮತ್ತೆ ಹಳದಿ ಅನ್ನ ಉಣ್ಣಬೇಕಾಗುತ್ತದೆ ಎಂದು ಟ್ರ್ಯಾಕ್ಟರಿಗೆ ಅಡ್ಡ ನಿಂತರು. ಉಣ್ಣುವುದೇ ಬೇಡವಾದವರು ಅನ್ನದ ಬಣ್ಣಕ್ಕಾಗಿ ಜಗಳ ಆಡುತ್ತಿದ್ದರು. ಪಂಚಾಯ್ತಿಯವರು ದಿನಕ್ಕೆ ಮೂರು ಸಲ ಸೈರನ್ ಹಾಕಿಸಿದರು. ಸೈರನ್ ಕೇಳಿದ ಕೂಡಲೇ ಎಲ್ಲರೂ ಕೂತು, ಅಳತೆಯಷ್ಟು ತಿಂದು ಏಳಬೇಕು. ಔಷಧಿ ನುಂಗಿದ ಹಾಗೆ ಅನ್ನ ನುಂಗುವುದನ್ನು ಊರು ಕಲಿಯಿತು.

ದೊಡ್ಡವರು ಸೈರನ್ನಿಗೆ ತಿಂದು ಬದುಕಿಯಾರು. ಮಗುವಿಗೆ ಹಾಗಲ್ಲ. ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿ ಹಾಲು ಬಿಡುತ್ತಿದ್ದರು. ನಾಲ್ಕು ದಿನವಾದರೂ ಅರ್ಧಕ್ಕರ್ಧ ವಾಂತಿಯಾಗುತ್ತಿತ್ತು. ಬೇಡ ಎಂದು ಕೂತ ಹೊಟ್ಟೆ ಹಾಲನ್ನು ಒಪ್ಪುತ್ತಿರಲಿಲ್ಲ. ಮಕ್ಕಳ ವೈದ್ಯರು ಆ್ಯಂಟಿಬಯೋಟಿಕ್ ಕೊಟ್ಟು ಜೀವಿಯನ್ನು ಕೊಲ್ಲೋಣ, ಯಾವುದಕ್ಕೆ ಸಾಯುತ್ತದೆ ಹೇಳಿ ಎಂದು ನನ್ನನ್ನು ಕೇಳಿದರು. ಯಾವುದಕ್ಕೂ ಸಾಯುವುದಿಲ್ಲ ಎಂದೆ. ಮೀನಿಗೆ ಹುಣ್ಣು ಬಂದರೆ ಸಾಕು, ನಮ್ಮ ಕಡೆ ಜನ ಅಂಗಡಿಯಿಂದ ಮಾತ್ರೆ ತಂದು ಯಾರಿಗೂ ಹೇಳದೆ ಹೊಂಡಕ್ಕೆ ಸುರಿಯುತ್ತಾರೆ. ಸುರಿದರೆ ಡಬ್ಬಿಯ ಜೀವಿಗಳೆಲ್ಲ ಸತ್ತು ಹೋಗಬಾರದು ಎಂದು, ಸಿಗುವ ಎಲ್ಲ ಆ್ಯಂಟಿಬಯೋಟಿಕ್‌ಗೂ ಜಗ್ಗದ ತಳಿಗಳನ್ನೇ ನಾನು ಆರಿಸಿ ತುಂಬಿದ್ದೆ. ನಮ್ಮವರ ಚಾಳಿ ನನಗೆ ಚೆನ್ನಾಗಿ ಗೊತ್ತು ಎಂಬ ಜಾಣತನ ಅದು. ವೈದ್ಯರು ಫೈಲು ಮುಚ್ಚಿ ನನ್ನ ಮುಖ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಪಡಸಾಲೆಯ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಎಲ್ಲ ಹೇಳಿದೆ, ಡಬ್ಬಿ ಏನು ಮಾಡಿತು, ನಾನು ಏನು ಬರೆದಿದ್ದೆ, ಮಾತ್ರೆ ಯಾಕೆ ನಾಟುವುದಿಲ್ಲ. ಅವಳು ಅಳಲಿಲ್ಲ. ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಯೋಚಿಸಿದಳು.

"ಹೊಸ ಹೊಂಡದಾಗ ನೀರು ಕೆಟ್ಟರ ನಾವು ಏನ್ ಮಾಡ್ತೀವಿ? ಚಲೋ ಹೊಂಡದಿಂದ ನಾಕು ಕೊಡ ನೀರು ತಂದು ಹೆಪ್ಪು ಹಾಕ್ತೀವಿ. ಒಳ್ಳೇದು ಬೆಳದಂಗ ಕೆಟ್ಟದ್ದು ತಾನ ಜಾಗ ಬಿಡತೈತಿ. ಕೂಸಿನ ಹೊಟ್ಟಿಗೂ ಹಂಗ ಹೆಪ್ಪು ಹಾಕಾಕ ಬರಂಗಿಲ್ಲೇನು?"

ಓಡಿ ಹೋಗಿ ವೈದ್ಯರನ್ನು ಕರೆತಂದೆ. ಅವರು ಬಾಗಿಲಲ್ಲಿ ನಿಂತೇ ಕೇಳಿ, ದೊಡ್ಡವರಲ್ಲಿ ಅಷ್ಟು ಬೇಗ ಆಗುವುದಿಲ್ಲ ಎಂದರು. ಆದರೆ ಹುಟ್ಟಿ ಹತ್ತು ದಿನದ ಮಗುವಿನ ಕರುಳಲ್ಲಿ ಇನ್ನೂ ಯಾರೂ ಗಟ್ಟಿಯಾಗಿ ನೆಲೆಯೂರಿರುವುದಿಲ್ಲ. ಈ ಜೀವಿ ಸೋಂಕದ ಒಬ್ಬ ಬಾಣಂತಿ ನೇರವಾಗಿ ಎದೆಹಾಲು ಕೊಟ್ಟರೆ, ಆ ಹಾಲಿನ ಮೂಲಕ ಒಳ್ಳೆಯ ಜೀವಿಗಳು ಹೋಗಿ ಜಾಗ ಹಿಡಿಯಬಹುದು. ಹಾಲಿನ ಬ್ಯಾಂಕಿನದು ಕಾಯಿಸಿದ ಹಾಲು, ಅದರಲ್ಲಿ ಜೀವ ಇರುವುದಿಲ್ಲ. ಭಾಗ್ಯಾಳ ಹಾಲು ಒಂದು ಹನಿಯೂ ಹೋಗಬಾರದು, ಕನಿಷ್ಠ ಒಂದು ವರ್ಷ. ಅಕ್ಕಪಕ್ಕದ ಹಾಸಿಗೆಗಳಲ್ಲಿದ್ದ ಮೂವರು ಬಾಣಂತಿಯರನ್ನು ಆ ದಿನವೇ ಪರೀಕ್ಷಿಸಿದೆವು. ಇಬ್ಬರು ಹಿರೇಜಾಲಿಯ ನೆಂಟರ ಮನೆಯಲ್ಲಿ ಉಂಡವರೇ. ಇನ್ನೊಬ್ಬಳ ಮನೆಯವರು ಕೇಳಿದ ಕೂಡಲೇ ಚೀಟಿ ಬರೆಸಿಕೊಂಡು ಬೇರೆ ಆಸ್ಪತ್ರೆಗೆ ಹೋದರು.

ಆಗ ಅಕ್ಕ ಎದ್ದು ನಿಂತು, ನಾಟಿಯವರಿದ್ದಾರೆ ಎಂದಳು. ಪ್ರತಿ ನಾಟಿಗೆ ಯಾದಗಿರಿ ಕಡೆಯ ಲಂಬಾಣಿ ತಾಂಡಾದಿಂದ ಒಂದು ಗುಂಪು ಬಂದು ಕಾಲುವೆಯ ಆಚೆ ತಾಡಪತ್ರಿ ಗುಡಿಸಲು ಹಾಕಿಕೊಳ್ಳುತ್ತದೆ. ಕಳೆದ ಆಷಾಢದಲ್ಲಿ ಅವರಲ್ಲೊಬ್ಬಳು ಬಸುರಿ ಹೆಂಗಸು ಕೊಡ ಹಿಡಿದು ಹೊಂಡಕ್ಕೆ ಬಂದಿದ್ದಳು. ಕೂಲಿಯವರು ಕೊಡ ಮುಳುಗಿಸಿದ ನೀರು ನಮಗೆ ಬೇಡ ಎಂದು ಊರವರು ತಕರಾರು ಮಾಡಿದರು. ಅಕ್ಕ ಅವಳ ಕೈಯಿಂದ ಕೊಡ ಕಿತ್ತುಕೊಂಡು ದಂಡೆಯಾಚೆ ಎಸೆದಿದ್ದಳು. ಹೀಗಾಗಿ ಹಿರೇಜಾಲಿಯ ಗಡಿಯಲ್ಲಿ ಆ ನೀರು ಒಂದು ಹನಿಯೂ ತಾಗದೆ ಉಳಿದವರು ಆ ಗುಂಪಿನವರು ಮಾತ್ರ. ಅವರು ಕಾಲುವೆಯ ಕೆಸರು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದುಕೊಂಡಿದ್ದರು. ಅಕ್ಕ ಇದನ್ನೆಲ್ಲ ನನಗೆ ಅವರ ಕಡೆ ಹೋಗುವಾಗ ಜೀಪಿನಲ್ಲಿ ಹೇಳಿದಳು. ಕೇಳಿ ನನಗೆ ಅವಳ ಮುಖ ನೋಡಲಾಗಲಿಲ್ಲ. ನನ್ನ ಮುಖವೂ ನೋಡುವಂತಿರಲಿಲ್ಲ.

ಗುಡಿಸಲುಗಳ ಹತ್ತಿರ ಹೋದಾಗ ಹೊತ್ತು ಏರಿತ್ತು. ಮೊದಲು ನಮಗೆ ಕೇಳಿಸಿದ್ದು ಅಳು. ಮೂರು ನಾಲ್ಕು ಮಕ್ಕಳು ಒಟ್ಟಿಗೆ ಕಿರುಚುತ್ತಿದ್ದವು, ಒಬ್ಬ ತಾಯಿ ರೊಟ್ಟಿ ಬಡಿಯುತ್ತಾ ಬಂದೆ ಬಂದೆ ಎಂದು ಬೈಯುತ್ತಿದ್ದಳು. ಆ ಗದ್ದಲ ಕೇಳಿ ಅಕ್ಕ ದಾರಿಯಲ್ಲೇ ನಿಂತುಬಿಟ್ಟಳು. ಎಷ್ಟೋ ತಿಂಗಳಾಗಿತ್ತು ಅವಳು ಅಂಥ ಸದ್ದು ಕೇಳಿ.

ಅಂದು ಕೊಡ ಹಿಡಿದು ಬಂದಿದ್ದವಳು ಈ ರೊಟ್ಟಿ ಬಡಿಯುತ್ತಿದ್ದವಳೇ, ಹೆಸರು ಸೋಮ್ಲಿಬಾಯಿ. ನಾಲ್ಕು ತಿಂಗಳ ಹೆಣ್ಣುಮಗು ಅವಳ ಸೊಂಟದ ಮೇಲಿತ್ತು, ದುಂಡಗೆ, ಮೂಗು ಸುರಿಸುತ್ತಾ. ಅಕ್ಕ ಮಾತು ಶುರು ಮಾಡಿದಳು, ನಡುವೆ ತಡವರಿಸಿದಳು, ಕ್ಷಮೆ ಕೇಳಬೇಕೋ ಕೂಸಿನ ವಿಷಯ ಹೇಳಬೇಕೋ ತಿಳಿಯದೆ ಎರಡನ್ನೂ ಬೆರೆಸಿ ಹೇಳಿದಳು. ಸೋಮ್ಲಿಬಾಯಿ ಪೂರ್ತಿ ಕೇಳಿದಳು. ಹಿಟ್ಟಿನ ಕೈಯನ್ನು ಲಂಗದ ಅಂಚಿಗೆ ಒರೆಸಿಕೊಂಡಳು.

"ಕೊಡಾ ಕಸಗೊಂಡಾಕಿ ನೀನ ಅಲ್ಲ? ಗುರ್ತು ಐತಿ ನಂಗ. ಕೂಸು ಎಲ್ಲೈತಿ, ಹೇಳು."

ಅದೇ ಜೀಪಿನಲ್ಲಿ ಬಂದಳು. ರಕ್ತ ಪರೀಕ್ಷೆ, ಮಲ ಪರೀಕ್ಷೆ ಎಲ್ಲ ಮುಗಿದು, ಯಾವ ದೋಷವೂ ಇಲ್ಲ ಎಂದು ಗೊತ್ತಾದ ಮೇಲೆ 'ಹೆಪ್ಪು' ಹಾಕಲು ಮಗುವನ್ನು ಅವಳ ಎದೆಗೆ ಕೊಟ್ಟೆವು. ಮೊದಲ ದಿನ ಅದು ಬಾಯಿಯೇ ತೆರೆಯಲಿಲ್ಲ. ಸೋಮ್ಲಿಬಾಯಿ ಬೆರಳಲ್ಲಿ ಹನಿ ಹನಿ ಹಿಂಡಿ ತುಟಿಗೆ ಸವರಿದಳು. ಎರಡು ಗಂಟೆಗೊಮ್ಮೆ ಹಾಗೆ ಮಾಡಿದಳು. ನಡುವೆ ತನ್ನ ಮಗುವಿಗೆ ಕುಡಿಸುತ್ತಿದ್ದಳು, ಅದು ಅಡ್ಡ ಕೈ ಹಾಕಿ ಜಗಳ ಆಡುತ್ತಿತ್ತು. ಅಕ್ಕ ತನ್ನ ಕೈಯ ಅಡಿಗೆ ಬೇಡವೆಂದು ಖಾನಾವಳಿಯಿಂದ ಅವಳಿಗೆ ಬಿಸಿ ರೊಟ್ಟಿ, ಮೆಂತ್ಯದ ಪಲ್ಯ, ಬೇಳೆ ಕಟ್ಟಿಸಿ ತರುತ್ತಿದ್ದಳು. ಸೋಮ್ಲಿಬಾಯಿ ಉಣ್ಣುವುದನ್ನು ಕಣ್ಣು ಕೀಳದೆ ನೋಡುತ್ತಿದ್ದಳು. ಐದನೇ ದಿನ ವಾಂತಿ ನಿಂತಿತು. ಏಳನೇ ದಿನದ ಪರೀಕ್ಷೆಯಲ್ಲಿ ಏಳನೇ ಕೋಣೆಯ ಜೀವಿ ಅರ್ಧಕ್ಕೆ ಇಳಿದಿತ್ತು.

ಭಾಗ್ಯಾ ಆ ದಿನಗಳಲ್ಲಿ ಫೋನಿನ ಗಂಟೆ ಬಾರಿಸಿದಾಗ ತಟ್ಟೆಯಲ್ಲಿದ್ದಷ್ಟು ತಿನ್ನುತ್ತಿದ್ದಳು. ಅವಳಿಗೆ ಹಾಲು ಮಾತ್ರ ಬರುತ್ತಿತ್ತು. ಅದನ್ನು ಹಿಂಡಿ, ಬ್ಲೀಚಿಂಗ್ ಪುಡಿ ಹಾಕಿದ ಬಕೀಟಿಗೆ ಚೆಲ್ಲಬೇಕಿತ್ತು. ದಾದಿ ಬಕೀಟು ತಂದಾಗಲೆಲ್ಲ ಅವಳು ಗೋಡೆಯ ಕಡೆ ತಿರುಗುತ್ತಿದ್ದಳು.

ಒಂಬತ್ತನೇ ದಿನ ಮಧ್ಯಾಹ್ನ ನಾನು ವಾರ್ಡಿನಲ್ಲಿದ್ದೆ. ಸೋಮ್ಲಿಬಾಯಿ ತನ್ನ ಮಗುವಿನ ಬಟ್ಟೆ ಒಣಹಾಕಲು ಹೊರಗೆ ಹೋಗಿದ್ದಳು. ತೊಟ್ಟಿಲ ಕೂಸನ್ನು ಭಾಗ್ಯಾ ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತಿದ್ದಳು. ಮಗು ಮುಖ ಕಿವುಚಿತು. ಕೆಂಪಗಾಯಿತು. ಬಾಯಿ ದೊಡ್ಡದಾಗಿ ತೆರೆದು, ಉಸಿರು ಕಟ್ಟಿ, ಹುಟ್ಟಿದಾಗಿನಿಂದ ಅಳದ ಅಳುವನ್ನೆಲ್ಲ ಒಟ್ಟಿಗೆ ಅತ್ತಿತು. ದಾದಿಯರು ಓಡಿ ಬಂದರು. ನನ್ನ ಕಣ್ಣು ತುಂಬಿತು, ಅಕ್ಕ ಬೆಂಚು ಹಿಡಿದು ಕೂತಳು. ಭಾಗ್ಯಾ ಮಾತ್ರ ಗಾಬರಿಯಾಗಿ ಮಗುವಿನ ಕೈ, ಕಾಲು, ಬೆನ್ನು ಎಲ್ಲ ಸವರಿ ಹುಡುಕುತ್ತಿದ್ದಳು.

"ಮಾಮಾ, ಯಾಕ ಹಿಂಗ ಅಳಾಕತ್ತೈತಿ? ಎಲ್ಲಿ ನೋಯಾಕತ್ತೈತಿ ನೋಡ್ರಿ."

"ಏನೂ ಆಗಿಲ್ಲವಾ," ಎಂದೆ. "ಹಸಿವಾಗೈತಿ ಅದಕ್ಕ."

ಅವಳು ನನ್ನನ್ನು ನೋಡಿದಳು, ಮಗುವನ್ನು ನೋಡಿದಳು.

"ಹಸಿವಾದ್ರ ಇಷ್ಟು ನೋವಾಗ್ತೈತೇನು?"

ಉತ್ತರ ಕೊಡಲು ನನ್ನ ಹೊಟ್ಟೆಯೊಳಗೇ ತಡಕಾಡಿದೆ, ಅಲ್ಲಿ ಏನೂ ಸಿಗಲಿಲ್ಲ. ಮಗುವಿನ ಅಳುವಿಗೆ ಭಾಗ್ಯಾಳ ಕುಪ್ಪಸದ ಮುಂಭಾಗ ಒದ್ದೆಯಾಗಿ, ಒದ್ದೆ ಹರಡುತ್ತಿತ್ತು. ಅವಳ ಕೈ ತಾನಾಗಿಯೇ ಮಗುವನ್ನು ಎದೆಗೆ ಎತ್ತಿತು, ಮಗು ಬಾಯಿ ಚಾಚಿ ಹುಡುಕಿತು. ಆಗ ಅವಳಿಗೆ ಬಕೀಟು ನೆನಪಾಯಿತು. ಎತ್ತಿದ ಕೈ ಅಲ್ಲೇ ನಿಂತಿತು. ಅಳು ಕೇಳಿ, ಯಾರೂ ಕರೆಯದೆಯೇ, ಸೋಮ್ಲಿಬಾಯಿ ಒದ್ದೆ ಕೈಯಲ್ಲಿ ಓಡಿ ಬಂದು ಎದುರಿಗೆ ಎರಡೂ ಕೈ ಚಾಚಿ ನಿಂತಿದ್ದಳು. ಭಾಗ್ಯಾಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮಗುವನ್ನು ಕೊಟ್ಟಳು.